ಹೇಗ್‌ನ ಕುರ್ಚಿಗೆ ತುಮಕೂರಿನಲ್ಲಿ ಉಪಚುನಾವಣೆ

ಉಪಚುನಾವಣೆ ಅಂದ್ರೆ ಏನು ಅಂತ ತುಮಕೂರು ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. 2020ರಲ್ಲಿ ಶಿರಾ ಶಾಸಕರು ಆಗಸ್ಟ್‌ನಲ್ಲಿ ತೀರಿಕೊಂಡರು, ನವೆಂಬರ್ 3ಕ್ಕೆ ಮತದಾನ ಆಯಿತು. ಕೊರೊನಾ ಕಾಲದಲ್ಲೂ ಊರೂರಲ್ಲಿ ಕಾರುಗಳ ಸಾಲು. ಗೆದ್ದವರಿಗೆ ಸಿಕ್ಕಿದ್ದು ಪೂರ್ತಿ ಐದು ವರ್ಷ ಅಲ್ಲ, ಹಿಂದಿನವರು ಬಿಟ್ಟುಹೋದ ಉಳಿಕೆ ಅವಧಿ.

ನಾನು ತುಮಕೂರಿನಲ್ಲಿ ವಕೀಲಿಕೆ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಎಸ್.ಎಸ್. ಪುರಂನಲ್ಲಿ ಒಂದು ಮಹಡಿ ಕೋಣೆಯಲ್ಲಿ ಕಾನೂನು ಓದುವ, ಕೆಎಎಸ್‌ಗೆ ತಯಾರಾಗುವ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಫೀಸು ಇಲ್ಲ, ಹಾಜರಿಯೂ ಇಲ್ಲ. ಗುಬ್ಬಿ, ತಿಪಟೂರು, ಮಧುಗಿರಿ, ಪಾವಗಡ, ಕುಣಿಗಲ್ ಕಡೆಯಿಂದ ಬಸ್ಸು ಹಿಡಿದು ಬರುವವರು. ಇಲ್ಲಿ ಬರೆಯುತ್ತಿರುವ ಪ್ರಕರಣ ನಡೆದದ್ದು 2025ರ ಜೂನ್‌ನಲ್ಲಿ, ಆ ಕೋಣೆಯಲ್ಲಿ ಮತ್ತು ಅದರ ಮೇಲಿನ ತಾರಸಿಯಲ್ಲಿ. ಅದರಲ್ಲಿ ತಪ್ಪು ಮಾಡಿದವನು ನಾನೇ. ಆ ತಪ್ಪಿನಿಂದ ಕಲಿತದ್ದು ಜಾಸ್ತಿ ಆದ್ದರಿಂದ ಬರೆದಿಡುತ್ತಿದ್ದೇನೆ.

ಶುರುವಾದದ್ದು ಒಂದು ಸಣ್ಣ ಸುದ್ದಿಯಿಂದ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ, ಅಂದರೆ ದೇಶ ದೇಶಗಳ ನಡುವಿನ ವ್ಯಾಜ್ಯ ತೀರಿಸುವ ವಿಶ್ವಸಂಸ್ಥೆಯ ನ್ಯಾಯಾಲಯದ, ಅಧ್ಯಕ್ಷರಾಗಿದ್ದ ಲೆಬನಾನ್‌ನ ನವಾಫ್ ಸಲಾಂ ಅದೇ ವರ್ಷದ ಜನವರಿಯಲ್ಲಿ ರಾಜೀನಾಮೆ ಕೊಟ್ಟು ತಮ್ಮ ದೇಶದ ಪ್ರಧಾನಿ ಆದರು. ಅವರು ಬಿಟ್ಟ ಜಾಗಕ್ಕೆ ಮೇ 27ರಂದು ಜೋರ್ಡಾನ್‌ನ ಮಹಮೂದ್ ಹಮೂದ್ ಆಯ್ಕೆಯಾದರು. ಕಣದಲ್ಲಿ ಇದ್ದದ್ದು ಅವರೊಬ್ಬರೇ. "ಒಬ್ಬರೇ ಇದ್ರೆ ಅವಿರೋಧ ಅಲ್ವಾ ಸಾರ್? ಮತ್ಯಾಕೆ ಓಟು?" ಅಂತ ಗುಬ್ಬಿ ಹುಡುಗ ಕೇಳಿದ.

ಕೇಳಬೇಕಾದ ಪ್ರಶ್ನೆಯೇ. ನಮ್ಮ ಪಂಚಾಯಿತಿಯಲ್ಲಿ ಒಬ್ಬನೇ ಅಭ್ಯರ್ಥಿ ಉಳಿದರೆ ಹಾರ ಹಾಕಿ ಕಳಿಸುತ್ತಾರೆ. ಅಲ್ಲಿ ಹಾಗಲ್ಲ. ಒಬ್ಬರೇ ಇದ್ದರೂ ವಿಶ್ವಸಂಸ್ಥೆಯ ಎಲ್ಲ ದೇಶಗಳಿರುವ ಸಾಮಾನ್ಯ ಸಭೆ, 15 ದೇಶಗಳ ಭದ್ರತಾ ಮಂಡಳಿ, ಈ ಎರಡು ಕಡೆಯೂ ಬಹುಮತ ಬೇಕು, ಚೀಟಿ ಹಾಕಲೇಬೇಕು. ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಎಲ್ಲರೂ ತಲೆ ಆಡಿಸಿದರು, ಯಾರಿಗೂ ಅರ್ಥ ಆಗಿರಲಿಲ್ಲ. ಸರಿ, ಮುಂದಿನ ಭಾನುವಾರ ನಾವೇ ಒಂದು ಚುನಾವಣೆ ಮಾಡಿ ನೋಡೋಣ ಅಂದೆ.

ಆ ನ್ಯಾಯಾಲಯದಲ್ಲಿ 15 ನ್ಯಾಯಾಧೀಶರು, ಒಂದು ದೇಶಕ್ಕೆ ಒಬ್ಬರಿಗಿಂತ ಹೆಚ್ಚಿಲ್ಲ, ಅವಧಿ 9 ವರ್ಷ. ನಡುವೆ ಯಾರಾದರೂ ತೀರಿಕೊಂಡರೆ ಅಥವಾ ಬಿಟ್ಟುಹೋದರೆ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಹೆಸರು ಕಳಿಸಿ ಅಂತ ಒಂದು ತಿಂಗಳೊಳಗೆ ಪತ್ರ ಬರೆಯಬೇಕು. ಪತ್ರಕ್ಕೂ ಚುನಾವಣೆಗೂ ನಡುವೆ ಕಡಿಮೆ ಅಂದರೂ ಮೂರು ತಿಂಗಳು ಇರಬೇಕು. ದಿನ ಗೊತ್ತುಮಾಡುವುದು ಭದ್ರತಾ ಮಂಡಳಿ. ಸಲಾಂ ಜನವರಿಯಲ್ಲಿ ಬಿಟ್ಟರೆ ಮೇ ಕೊನೆಗೆ ಚುನಾವಣೆ ಆದದ್ದು ಈ ಲೆಕ್ಕದಿಂದ.

ಹೆಸರು ಸೂಚಿಸುವುದು ಸರ್ಕಾರ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಕಾಗದದ ಮೇಲೆ ಅದು ಸರ್ಕಾರದ ಕೆಲಸ ಅಲ್ಲ. ಹೇಗ್‌ನಲ್ಲೇ ಇರುವ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯ ಅನ್ನುವ ಬೇರೆ ಸಂಸ್ಥೆಗೆ ಅದರ ಪ್ರತಿ ಸದಸ್ಯ ದೇಶವೂ ನಾಲ್ಕು ಜನರವರೆಗೆ ಕಾನೂನು ಬಲ್ಲವರ ಹೆಸರು ಕೊಟ್ಟಿರುತ್ತದೆ. ಆ ಗುಂಪು ಹೆಸರು ಸೂಚಿಸಬೇಕು. ಒಂದು ಜಾಗ ಖಾಲಿ ಇದ್ದರೆ ಒಂದು ಗುಂಪು ಎರಡು ಹೆಸರಿಗಿಂತ ಜಾಸ್ತಿ ಕೊಡುವ ಹಾಗಿಲ್ಲ. ಕೊಡುವ ಮುಂಚೆ ದೇಶದ ಸರ್ವೋಚ್ಚ ನ್ಯಾಯಾಲಯವನ್ನು, ಕಾನೂನು ಕಾಲೇಜುಗಳನ್ನು ಕೇಳಿ ಅಂತ ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 6ನೇ ವಿಧಿ ಸಲಹೆ ಕೊಡುತ್ತದೆ. "ನಮ್ಮ ಕಾಲೇಜಿಗೆ ಲೆಟರ್ ಬಂದಿಲ್ಲ ಸಾರ್" ಅಂದಳು ಮಧುಗಿರಿ ಹುಡುಗಿ. ಬರುತ್ತೆ ಅಂತ ಕಾಯಬೇಡ ಅಂದೆ.

ನಮ್ಮ ಚುನಾವಣೆಗೆ ಸಲಾಂ ಅವರ ಜಾಗವನ್ನೇ ಇಟ್ಟುಕೊಂಡೆವು. ಅಭ್ಯರ್ಥಿಗಳು ಮಾತ್ರ ನಮ್ಮವರು, ರಾಗಿ ದೇಶದವರೊಬ್ಬರು, ತೆಂಗು ದೇಶದವರೊಬ್ಬರು. ತೆಂಗಿನ ಕಡೆ ಏಜೆಂಟ್ ಯಾರಾಗಬೇಕು ಅನ್ನುವುದಕ್ಕೆ ಚರ್ಚೆಯೇ ಆಗಲಿಲ್ಲ, ತಿಪಟೂರಿನವನು ಎದ್ದು ನಿಂತಿದ್ದ. ರಾಗಿ ಕಡೆ ಮಧುಗಿರಿ ಹುಡುಗಿ. ಆವತ್ತು ಬಂದವರು 21 ಜನ. ಇಬ್ಬರು ಎಣಿಸುವವರು, ಉಳಿದ 19 ಜನ ಸಾಮಾನ್ಯ ಸಭೆ. ಅವರಲ್ಲೇ 5 ಜನ ಭದ್ರತಾ ಮಂಡಳಿ. ನಿಜವಾದ ಮಂಡಳಿಯ 15 ದೇಶಗಳೂ ಹೀಗೇ ಎರಡೂ ಕಡೆ ಓಟು ಹಾಕುತ್ತವೆ. ಅವರಿಗೆ ಎರಡು ಸಭಾಂಗಣದಲ್ಲೂ ಪ್ರತಿನಿಧಿಗಳಿರುತ್ತಾರೆ, ನಮಗೆ ಅಷ್ಟು ಜನ ಇಲ್ಲ. ಅದಕ್ಕೆ ಐವರೂ ಕೆಳಗೆ ಸಭೆಯ ಚೀಟಿ ಹಾಕಿ, ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ಮಂಡಳಿಯ ಚೀಟಿ ಹಾಕಬೇಕು ಅಂತ ಮಾಡಿದೆವು. ಹಳೇ ಕಾಸ್ ಲಿಸ್ಟಿನ (ಕೋರ್ಟಿನ ದಿನದ ಕೇಸುಗಳ ಪಟ್ಟಿ) ಹಿಂಬದಿಯನ್ನು ಕತ್ತರಿಸಿ ಚೀಟಿ. ಕೆಳಗೆ ಚಕ್ಕುಲಿ ಡಬ್ಬಿ, ಮೇಲೆ ಚಟ್ನಿಪುಡಿ ಡಬ್ಬಿ. ಎರಡನೆಯದನ್ನು ಸರಿಯಾಗಿ ತೊಳೆದಿರಲಿಲ್ಲ. ಮಂಡಳಿಯ ಚೀಟಿಗಳಿಂದ ಕೊನೆಯವರೆಗೂ ಬೆಳ್ಳುಳ್ಳಿ ವಾಸನೆ ಹೋಗಲಿಲ್ಲ.

ಮೊದಲ ಸುತ್ತು. ಸಭೆಯಲ್ಲಿ ತೆಂಗು 9, ರಾಗಿ 8, ಎರಡು ಖಾಲಿ ಚೀಟಿ.

ತಿಪಟೂರಿನವನು ಎರಡೂ ಕೈ ಮೇಲೆತ್ತಿದ. ಗೆದ್ದೆವು ಅಂದುಕೊಂಡ. ಶಿರಾದಲ್ಲಾಗಿದ್ದರೆ ಗೆದ್ದ ಹಾಗೇ, ಒಂದು ಓಟು ಮುಂದಿದ್ದರೂ ಸಾಕು. ಇಲ್ಲಿ ಬೇಕಾದದ್ದು ಸಂಪೂರ್ಣ ಬಹುಮತ. ಅದೂ ಬಿದ್ದ ಓಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲ, ಓಟಿನ ಹಕ್ಕು ಇರುವ ಎಲ್ಲರಲ್ಲಿ ಅರ್ಧಕ್ಕಿಂತ ಜಾಸ್ತಿ. ನಮ್ಮಲ್ಲಿ 19ಕ್ಕೆ 10. ವಿಶ್ವಸಂಸ್ಥೆಯಲ್ಲಿ 193ಕ್ಕೆ 97, ಮಂಡಳಿಯಲ್ಲಿ 15ಕ್ಕೆ 8. ಬಾರದವನೂ, ಖಾಲಿ ಚೀಟಿ ಹಾಕಿದವನೂ ಲೆಕ್ಕದಲ್ಲಿ ಇದ್ದೇ ಇರುತ್ತಾನೆ.

ಖಾಲಿ ಹಾಕಿದವರಲ್ಲಿ ಒಬ್ಬ ಕುಣಿಗಲ್‌ನವನು. ತಾನೇ ಒಪ್ಪಿಕೊಂಡ. "ನೋಟಾ ಅಂದ್ಕೊಂಡೆ ಸಾರ್." ನಮ್ಮ ನೋಟಾ ಗೆಲ್ಲುವವನನ್ನು ತಡೆಯುವುದಿಲ್ಲ, ಸುಮ್ನೆ ಒಂದು ಸಂಖ್ಯೆ ಆಗಿ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಅವನು ಹಾಕಿದ ಖಾಲಿ ಚೀಟಿ ತೆಂಗು ದೇಶದವರನ್ನು 10 ಮುಟ್ಟದ ಹಾಗೆ ತಡೆದಿತ್ತು. ಬೇಡ ಅಂತ ಓಟು ಹಾಕಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ ಅಂತ ಗೊತ್ತಾದ ಮೇಲೆ ಅವನ ಮುಖದಲ್ಲಿ ಸ್ವಲ್ಪ ಹೆಮ್ಮೆಯೇ ಕಂಡಿತು.

ಅಷ್ಟರಲ್ಲಿ ತಾರಸಿಯಿಂದ ಮಡಿಸಿದ ಕಾಗದ ಬಂತು. ರಾಗಿ 3, ತೆಂಗು 2. ಐದಕ್ಕೆ ಮೂರು, ಮಂಡಳಿಯಲ್ಲಿ ರಾಗಿಗೆ ಬಹುಮತ. ನಾನು ಓದಿ ಜೇಬಿಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ಇದು ನಾನು ಮಾಡಿದ ಸರಿಯಾದ ಕೆಲಸ, ಇದನ್ನು ವಿವರಿಸಬೇಕು. ಎರಡು ಸಭೆಗಳೂ ಒಂದನ್ನೊಂದು ನೋಡದೆ ಚುನಾವಣೆ ಮಾಡಬೇಕು ಅಂತ ನ್ಯಾಯಾಲಯದ ಶಾಸನದ 8ನೇ ವಿಧಿ ಹೇಳುತ್ತದೆ. ಹೇಳುವುದು ಸುಲಭ, ಎರಡೂ ನ್ಯೂಯಾರ್ಕ್‌ನ ಒಂದೇ ಕಟ್ಟಡದಲ್ಲಿ ಒಂದೇ ಹೊತ್ತಿಗೆ ಕೂತಿರುತ್ತವೆ. ಅದಕ್ಕೆ ಒಂದು ರೂಢಿ ಮಾಡಿಕೊಂಡಿದ್ದಾರೆ. ಒಂದು ಕಡೆ ಬಹುಮತ ಬಂದರೆ ಅಲ್ಲಿನ ಅಧ್ಯಕ್ಷರು ಇನ್ನೊಂದು ಕಡೆಯ ಅಧ್ಯಕ್ಷರಿಗೆ ತಿಳಿಸುತ್ತಾರೆ. ಆ ಅಧ್ಯಕ್ಷರು ಮಾತ್ರ ತಮ್ಮ ಸಭೆಯಲ್ಲೂ ಒಬ್ಬರಿಗೆ ಬಹುಮತ ಬರುವ ತನಕ ಅದನ್ನು ಸದಸ್ಯರಿಗೆ ಹೇಳುವುದಿಲ್ಲ. ಚೀಟಿ ಜೇಬಿನಲ್ಲೇ ಇರಬೇಕು. ವೀಳ್ಯದೆಲೆ ಶಾಸ್ತ್ರದ ಮುಂಚೆ ಹುಡುಗಿ ಮನೆಯವರು ಒಪ್ಪಿದ್ದು ಹುಡುಗನ ಮನೆಗೆ ಗೊತ್ತಾಗಬಾರದು ಅಂತ ಮದುವೆ ಮಾಡಿಸುವವರು ಬಾಯಿ ಮುಚ್ಚಿಕೊಂಡು ಓಡಾಡುತ್ತಾರಲ್ಲ, ಹಾಗೆ.

ಸಭೆಯಲ್ಲಿ ಎರಡನೇ ಸುತ್ತು. ತೆಂಗು 11, ರಾಗಿ 8. ಈಗ ಜೇಬಿನ ಕಾಗದ ತೆಗೆದೆ. ಕೆಳಗೆ ತೆಂಗು, ಮೇಲೆ ರಾಗಿ. ಇಬ್ಬರಿಗೂ ಅರ್ಧ ಗೆಲುವು. ಅರ್ಧ ಗೆಲುವಿಗೆ ಅಲ್ಲಿ ಬೆಲೆ ಇಲ್ಲ, ಒಂದೇ ಹೆಸರಿಗೆ ಎರಡೂ ಕಡೆ ಬಹುಮತ ಬರಬೇಕು. ಮೊದಲ ಬೈಠಕ್ ಮುಗಿಯಿತು, ಯಾರೂ ಆಯ್ಕೆ ಆಗಲಿಲ್ಲ.

ಸುತ್ತು ಬೇರೆ, ಬೈಠಕ್ ಬೇರೆ. ಬಹುಮತ ಬರುವ ತನಕ ಒಂದೇ ಬೈಠಕ್‌ನಲ್ಲಿ ಎಷ್ಟು ಸುತ್ತು ಬೇಕಾದರೂ ಓಟು ನಡೆಯಬಹುದು. ಎರಡೂ ಕಡೆ ಬಹುಮತ ಬಂದು ಹೆಸರು ತಾಳೆ ಆಗದಿದ್ದರೆ ಹೊಸ ಬೈಠಕ್. ಈ ವ್ಯತ್ಯಾಸ ತಿಳಿಯದಿದ್ದರೆ 2017ರ ಕಥೆ ಅರ್ಥ ಆಗುವುದಿಲ್ಲ.

ಆ ಕಥೆ ನಮ್ಮವರದ್ದೇ. ಅದು ಉಪಚುನಾವಣೆ ಅಲ್ಲ, ಮೂರು ವರ್ಷಕ್ಕೊಮ್ಮೆ ಐದು ಜಾಗಕ್ಕೆ ನಡೆಯುವ ಸಾಮಾನ್ಯ ಚುನಾವಣೆ. ನವೆಂಬರ್ 9ರಂದು ನಾಲ್ಕು ಜಾಗ ತುಂಬಿತು. ಐದನೆಯದಕ್ಕೆ ಭಾರತದ ದಲ್ವೀರ್ ಭಂಡಾರಿ, ಬ್ರಿಟನ್ನಿನ ಕ್ರಿಸ್ಟೋಫರ್ ಗ್ರೀನ್‌ವುಡ್ ಉಳಿದರು. ಸಾಮಾನ್ಯ ಸಭೆ ಭಂಡಾರಿ ಕಡೆ, ಭದ್ರತಾ ಮಂಡಳಿ ಗ್ರೀನ್‌ವುಡ್ ಕಡೆ. 13ರಂದು ಬೈಠಕ್ ಮೇಲೆ ಬೈಠಕ್. ಸಭೆಯಲ್ಲಿ ಭಂಡಾರಿಗೆ 121ರವರೆಗೆ ಹೋಯಿತು, ಮಂಡಳಿಯಲ್ಲಿ ಗ್ರೀನ್‌ವುಡ್ 9 ಇಟ್ಟುಕೊಂಡು ಕದಲಲಿಲ್ಲ. ಇಲ್ಲಿ ವಿಟೋ ನಡೆಯುವುದಿಲ್ಲ, ಕಾಯಂ ಸದಸ್ಯನ ಓಟಿಗೂ ಬೇರೆಯವರ ಓಟಿಗೂ ಒಂದೇ ತೂಕ. ಆದರೂ ಎಂಟು ಜನ ಹಠ ಹಿಡಿದರೆ ನೂರ ಇಪ್ಪತ್ತು ಜನ ಕಾಯಬೇಕು. 20ನೇ ತಾರೀಕು ಬ್ರಿಟನ್ ತನ್ನ ಅಭ್ಯರ್ಥಿಯನ್ನು ಹಿಂದೆ ಕರೆಯಿತು. ಆಮೇಲೆ ಭಂಡಾರಿಗೆ ಸಭೆಯಲ್ಲಿ 183, ಮಂಡಳಿಯಲ್ಲಿ 15ಕ್ಕೆ 15. 1946ರಿಂದ ಮೊದಲ ಸಲ ಆ ನ್ಯಾಯಾಲಯದಲ್ಲಿ ಬ್ರಿಟನ್ನಿನ ನ್ಯಾಯಾಧೀಶರಿಲ್ಲದ ಹಾಗಾಯಿತು.

ಇಷ್ಟು ಹೇಳಿ ಎರಡನೇ ಬೈಠಕ್ ಶುರು ಮಾಡಿದೆ. ತಪ್ಪು ಆದದ್ದು ಇಲ್ಲಿ.

ಹನ್ನೆರಡು ಗಂಟೆ ಆಗಿತ್ತು. ಐವರು ಕೆಳಗೆ ಚೀಟಿ ಹಾಕಿ ಮೇಲೆ ಹೋದರು. ಎಣಿಸಿದೆವು, ಮತ್ತೆ ತೆಂಗು 11, ರಾಗಿ 8. ನನಗೆ ಹಸಿವು. ಬೋರ್ಡಿನ ಮೇಲೆ ಬರೆಯುತ್ತಾ ಕೋರ್ಟ್ ಹಾಲಿನ ಗಂಟಲಿನಲ್ಲೇ ಕೂಗಿದೆ, "ತೆಂಗು ಹನ್ನೊಂದು, ಅದೇ ಬಹುಮತ!" ಮೆಟ್ಟಿಲ ಬಾಗಿಲು ತೆರೆದಿತ್ತು. ಎರಡು ನಿಮಿಷಕ್ಕೆ ಮೇಲಿನ ಕಾಗದ ಬಂತು. ತೆಂಗು 3, ರಾಗಿ 2.

ಒಂದು ಓಟು ಆ ಕಡೆಯಿಂದ ಈ ಕಡೆಗೆ ಬಂದಿತ್ತು. ಎರಡೂ ಕಡೆ ತೆಂಗು. ತಿಪಟೂರಿನವನು ಕುಣಿಯುತ್ತಿದ್ದ. ಮಧುಗಿರಿ ಹುಡುಗಿ ಕೂತಲ್ಲಿಂದಲೇ ಕೈ ಎತ್ತಿದಳು. "ಸಾರ್, ಆಕ್ಷೇಪಣೆ. ನೀವು ಕೂಗಿದ್ದು ತಾರಸಿಗೆ ಕೇಳಿಸಿದೆ. ಅವರು ಇನ್ನೂ ಬರೆದಿರಲಿಲ್ಲ."

ಮುಂದಿನ ಅರ್ಧ ಗಂಟೆ ನಡೆದ ವಾದ ಆವತ್ತಿನ ನಿಜವಾದ ಪಾಠ. ಕೇಳಿಸಿದರೆ ಏನಾಯ್ತು, ಯಾರು ಯಾವ ಕಡೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ ಅಂತ ತಿಪಟೂರಿನವನ ವಾದ. ಅದು ಪೂರ್ತಿ ತಪ್ಪಲ್ಲ. 2017ರಲ್ಲೂ ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಕಡೆಯ ಅಂಕಿ ಜಗತ್ತಿಗೇ ಗೊತ್ತಿತ್ತು. ಅದಕ್ಕೆ ಹುಡುಗಿ ಕೊಟ್ಟ ಉತ್ತರ ನನಗಿಂತ ಚೆನ್ನಾಗಿತ್ತು. ನಿನ್ನೆಯ ಅಂಕಿ ಗೊತ್ತಿರುವುದು ಬೇರೆ, ಪೆನ್ನು ಕಾಗದದ ಮೇಲಿರುವಾಗ ಇವತ್ತಿನ ಅಂಕಿ ಕಿವಿಗೆ ಬೀಳುವುದು ಬೇರೆ. ಎರಡನೆಯದು ಆದರೆ ಎರಡು ಸಭೆ ಯಾಕೆ, ಒಂದೇ ಸಾಕಲ್ಲ ಅಂದಳು. ಓಟು ಬದಲಾಯಿಸಿದವರು ಕೂಗಿನಿಂದಲೇ ಬದಲಾಯಿಸಿದರು ಅನ್ನುವುದಕ್ಕೆ ಸಾಕ್ಷಿ ಏನು ಅಂತ ಗುಬ್ಬಿಯವನು ಕೇಳಿದ. ಗುಟ್ಟಿನ ಓಟು, ಸಾಕ್ಷಿ ಹೇಗೆ ಸಿಗಬೇಕು? ಸಾಕ್ಷಿ ಸಿಗುವುದಿಲ್ಲ ಅಂತಲೇ ಬಾಗಿಲು ಮುಚ್ಚಿರಬೇಕು.

ನಾನು ತಪ್ಪು ಒಪ್ಪಿಕೊಂಡೆ. ಮಂಡಳಿಯ ಆ ಸುತ್ತನ್ನು ರದ್ದು ಮಾಡಿದೆ. ಮೆಟ್ಟಿಲ ಬಾಗಿಲು ಹಾಕಿ ಮೇಲೆ ಮತ್ತೆ ಓಟು. ಈ ಸಲ ರಾಗಿ 3, ತೆಂಗು 2. ಮೊದಲಿದ್ದ ಹಾಗೇ ಆಯಿತು.

ಕೆಳಗೆ ಗುಜುಗುಜು. ಯಾರೋ ಒಬ್ಬರು ಹೋಗಿ ಬಂದಿದ್ದಾರೆ ಅಂತ ಎಲ್ಲರಿಗೂ ಗೊತ್ತು, ಯಾರು ಅಂತ ಗೊತ್ತಿಲ್ಲ.

ಮೂರನೇ ಬೈಠಕ್‌ಗೂ ಹೀಗೇ ಆದರೆ ಏನು ದಾರಿ ಅಂತ ಪಾವಗಡದ ಹುಡುಗಿ ಕೇಳಿದಳು. ದಾರಿ 12ನೇ ವಿಧಿಯಲ್ಲಿದೆ. ಸಭೆಯಿಂದ ಮೂವರು, ಮಂಡಳಿಯಿಂದ ಮೂವರು ಕೂತು ಒಂದು ಹೆಸರು ಆರಿಸಿ ಎರಡೂ ಕಡೆಗೆ ಒಪ್ಪಿಗೆಗೆ ಕಳಿಸಬಹುದು. ಅದೂ ಆಗದಿದ್ದರೆ ಈಗಾಗಲೇ ಇರುವ ನ್ಯಾಯಾಧೀಶರೇ ಆರಿಸುತ್ತಾರೆ, ಸಮ ಬಂದರೆ ಅವರಲ್ಲಿ ವಯಸ್ಸಿನಲ್ಲಿ ಹಿರಿಯರ ಓಟು ನಿರ್ಣಾಯಕ. ನಮ್ಮ ಹಳ್ಳಿ ಕಟ್ಟೆಯ ಪಂಚಾಯಿತಿಯೇ ಇದು. ಆದರೆ ಈ ನ್ಯಾಯಾಲಯಕ್ಕೆ ಇದನ್ನು ಒಮ್ಮೆಯೂ ಬಳಸಿಲ್ಲ. 2017ರಲ್ಲಿ ಆ ಮಾತು ಗಾಳಿಯಲ್ಲಿತ್ತು, ಅಷ್ಟರಲ್ಲಿ ಬ್ರಿಟನ್ ಹಿಂದೆ ಸರಿಯಿತು. ಆರು ಜನ ಮುಚ್ಚಿದ ಕೋಣೆಯಲ್ಲಿ ಕೂರುವುದಕ್ಕಿಂತ ಒಬ್ಬರು ಸುಸ್ತಾಗಿ ಎದ್ದು ಹೋಗುವುದು ಎಲ್ಲರಿಗೂ ವಾಸಿ ಅನ್ನಿಸುತ್ತದೆ ಅಂತ ನನ್ನ ಅಂದಾಜು.

ಟೀ ಬಂತು. ಟೀ ಕುಡಿಯುವಾಗ ಮಧುಗಿರಿ ಹುಡುಗಿ ಒಂದು ಚೀಟಿ ಬರೆದು ಕೊಟ್ಟಳು. ರಾಗಿ ದೇಶ ತನ್ನ ಅಭ್ಯರ್ಥಿಯನ್ನು ಹಿಂದೆ ಪಡೆಯುತ್ತದೆ. ಆಕ್ಷೇಪಣೆ ಗೆದ್ದವಳು ಯಾಕೆ ಹಿಂದೆ ಸರಿದೆ ಅಂದೆ. "ಕೆಳಗಿನ ಹನ್ನೊಂದು ಕಡಿಮೆ ಆಗಲ್ಲ ಸಾರ್. ಮೇಲಿನ ಮೂರು ಯಾವಾಗ ಬೇಕಾದ್ರೂ ಎರಡಾಗುತ್ತೆ. ಸೋತು ಹೋಗೋದಕ್ಕಿಂತ ಬಿಟ್ಟುಕೊಟ್ಟು ಹೋಗೋದು ಮರ್ಯಾದೆ." ವಿದೇಶಾಂಗ ಕಚೇರಿಗಳು ಪುಟಗಟ್ಟಲೆ ಬರೆಯುವುದನ್ನು ಮೂರು ಮಾತಿನಲ್ಲಿ ಮುಗಿಸಿದಳು.

ಅವಿರೋಧ ಅಂತ ಎದ್ದು ಹೋಗುವ ಹಾಗಿಲ್ಲ, ಮತ್ತೆ ಓಟು ಹಾಕಿದೆವು. ಸಭೆಯಲ್ಲಿ 18, ಒಂದು ಖಾಲಿ. ಮಂಡಳಿಯಲ್ಲಿ 5ಕ್ಕೆ 5. ಆ ಖಾಲಿ ಚೀಟಿ ಯಾರದ್ದು ಅಂತ ನಾನು ಕೇಳಲಿಲ್ಲ. ಕುಣಿಗಲ್‌ನವನು ಕಿಟಕಿ ಕಡೆ ನೋಡುತ್ತಿದ್ದ.

ಗೆದ್ದವರಿಗೆ ಸಿಕ್ಕಿದ್ದು ಎಷ್ಟು ಅಂತ ಲೆಕ್ಕ ಹಾಕಿದಾಗ ನಿಜವಾಗಿ ಬೇಜಾರಾದವನು ತಿಪಟೂರಿನವನೇ. ಸಲಾಂ ಅವರ ಅವಧಿ 2027ರ ಫೆಬ್ರುವರಿ 5ಕ್ಕೆ ಮುಗಿಯುತ್ತದೆ. ಒಂದು ವರ್ಷ ಎಂಟು ತಿಂಗಳು. "ಇಷ್ಟಕ್ಕೆ ಇಷ್ಟು ಒದ್ದಾಟನಾ?"

ಆದರೆ ಭಾರತ ಆ ನ್ಯಾಯಾಲಯದಲ್ಲಿ ಕೂತ ಕಥೆಯಲ್ಲಿ ಉಳಿಕೆ ಅವಧಿಗಳೇ ತುಂಬಾ ಇವೆ. ಮಂಗಳೂರಿನಲ್ಲಿ ಹುಟ್ಟಿದ ಬಿ.ಎನ್. ರಾವ್, ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದವರು, 1952ರಲ್ಲಿ ಅಲ್ಲಿ ನ್ಯಾಯಾಧೀಶರಾದರು. 1953ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಕುರ್ಚಿಗೆ 1954ರಲ್ಲಿ ಉಪಚುನಾವಣೆ ನಡೆದು ಬಂದವರು ಪಾಕಿಸ್ತಾನದ ಜಫ್ರುಲ್ಲಾ ಖಾನ್. ಇದನ್ನು ಹೇಳಿದಾಗ ಕೋಣೆ ಒಂದು ಕ್ಷಣ ಸುಮ್ಮನಾಯಿತು. ಕುರ್ಚಿ ದೇಶದ್ದಲ್ಲ. ಏಷ್ಯಾದ ಜಾಗ ಏಷ್ಯಾದಲ್ಲೇ ಉಳಿಯಬೇಕು ಅನ್ನುವುದು ಕೂಡ ಬರೆದಿಟ್ಟ ನಿಯಮ ಅಲ್ಲ. ಮುಖ್ಯ ನಾಗರಿಕತೆಗಳೂ ಕಾನೂನು ಪದ್ಧತಿಗಳೂ ಇರಬೇಕು ಅಂತ ಮಾತ್ರ ಶಾಸನದಲ್ಲಿದೆ, ಉಳಿದದ್ದು ರೂಢಿ.

1988ರ ಡಿಸೆಂಬರ್‌ನಲ್ಲಿ ಅಲ್ಲಿ ನ್ಯಾಯಾಧೀಶರಾಗಿದ್ದ ನಾಗೇಂದ್ರ ಸಿಂಗ್ ತೀರಿಕೊಂಡಾಗ ನಮ್ಮ ಮುಖ್ಯ ನ್ಯಾಯಮೂರ್ತಿ ಆರ್.ಎಸ್. ಪಾಠಕ್ ಇಲ್ಲಿನ ಹುದ್ದೆ ಬಿಟ್ಟು ಆ ಜಾಗಕ್ಕೆ ಹೋದರು, 1991ಕ್ಕೆ ಅವಧಿ ಮುಗಿಯಿತು. ಆಮೇಲೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಅಲ್ಲಿ ಭಾರತದಿಂದ ಆಯ್ಕೆಯಾದ ನ್ಯಾಯಾಧೀಶರಿರಲಿಲ್ಲ. ಭಂಡಾರಿಯವರು ಒಳಗೆ ಹೋದದ್ದೂ ಉಪಚುನಾವಣೆಯಿಂದಲೇ. ಜೋರ್ಡಾನ್‌ನ ಅವ್ನ್ ಅಲ್ ಖಸಾವ್ನೆ ಪ್ರಧಾನಿಯಾಗಿ ನ್ಯಾಯಾಲಯ ಬಿಟ್ಟರು. ಅವರ ಜಾಗಕ್ಕೆ 2012ರ ಏಪ್ರಿಲ್ 27ರಂದು ಭಂಡಾರಿಗೂ ಫಿಲಿಪೀನ್ಸ್‌ನ ಫ್ಲೊರೆಂಟಿನೊ ಫೆಲಿಸಿಯಾನೊಗೂ ನೇರ ಸ್ಪರ್ಧೆ. ಸಭೆಯಲ್ಲಿ 122ಕ್ಕೆ 58, ಮಂಡಳಿಯಲ್ಲೂ ಬಹುಮತ ಬಂದು ಅವತ್ತೇ ಮುಗಿಯಿತು. ತಮಾಷೆ ಅಂದರೆ ಖಸಾವ್ನೆ ಅವರು ಪ್ರಧಾನಿ ಪದವಿಗೆ ರಾಜೀನಾಮೆ ಕೊಟ್ಟದ್ದು ಅದರ ಹಿಂದಿನ ದಿನ. ಬಿಟ್ಟ ಕುರ್ಚಿಯೂ ಹೋಯಿತು, ಹಿಡಿದ ಕುರ್ಚಿಯೂ ಹೋಯಿತು. ಭಂಡಾರಿಗೆ ಸಿಕ್ಕಿದ್ದು 2018ರ ಫೆಬ್ರುವರಿವರೆಗಿನ ಉಳಿಕೆ. ಅಲ್ಲಿ ಕೂತಿದ್ದರಿಂದ 2017ರಲ್ಲಿ ಪೂರ್ತಿ ಒಂಬತ್ತು ವರ್ಷಕ್ಕೆ ಕೇಳಲು ಜಾಗ ಸಿಕ್ಕಿತು. ಆಸ್ಟ್ರೇಲಿಯಾದ ಹಿಲರಿ ಚಾರ್ಲ್ಸ್‌ವರ್ತ್ ಅವರದ್ದೂ ಇದೇ ದಾರಿ. 2021ರಲ್ಲಿ ಜೇಮ್ಸ್ ಕ್ರಾಫರ್ಡ್ ತೀರಿಕೊಂಡ ಮೇಲೆ ಉಳಿಕೆ ಅವಧಿಗೆ ಬಂದು, 2023ರಲ್ಲಿ ಪೂರ್ತಿ ಅವಧಿಗೆ ಮತ್ತೆ ಗೆದ್ದರು. ಪಾಠಕ್ ಅವರಿಗೆ ಹಾಗೆ ಆಗಲಿಲ್ಲ. ತಿಪಟೂರಿನವನಿಗೆ ಸ್ವಲ್ಪ ಸಮಾಧಾನ ಆಯಿತು.

ಎರಡು ಗಂಟೆಗೆ ಎಲ್ಲರೂ ಹೊರಟರು. ಡಬ್ಬಿಗಳನ್ನು ಚೀಲಕ್ಕೆ ಹಾಕುತ್ತಿದ್ದೆ. ಪಾವಗಡದ ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಬಸ್ಸಿಗೆ ಇನ್ನೂ ಹೊತ್ತಿತ್ತು ಅಂತ ಕಾಣುತ್ತೆ.

"ಸಾರ್, ಮೇಲೆ ಬದಲಾಯಿಸಿದ್ದು ನಾನೇ."

"ನಾನು ಕೂಗಿದ್ದು ಕೇಳಿಸ್ತಾ?"

"ಕೇಳಿಸ್ತು. ಆದ್ರೆ ಅದಕ್ಕಲ್ಲ. ಸಿಂಟೆಕ್ಸ್ ಪಕ್ಕದ ನೆರಳು ಮೂರು ಜನಕ್ಕೆ ಸಾಕಾಗೋಷ್ಟೇ ಇತ್ತು. ನಾನು ಬಿಸಿಲಲ್ಲಿದ್ದೆ. ಯಾರೋ ಒಬ್ಬರು ಗೆದ್ರೆ ಕೆಳಗೆ ಇಳೀಬಹುದು ಅನ್ನಿಸ್ತು."

"ಮತ್ತೆ ಎರಡನೇ ಸಲ ರಾಗಿಗೆ ಹಾಕಿದ್ಯಲ್ಲ?"

"ಅಷ್ಟೊತ್ತಿಗೆ ಮೋಡ ಬಂದಿತ್ತು ಸಾರ್."